ಜೇನು ಹೊಡೆದ ಕೈ ಮರುದಿನ ಬಾಯುವುದೇಕೆ?

ಪ್ರಶ್ನೆ: ತುಡುವೆ ಪೆಟ್ಟಿಗೆ ತೆಗೆಯುವಾಗ ಜೇನು ಹೊಡೆಯಿತು. ಮುಳ್ಳು ಕಿತ್ತರೂ ಮರುದಿನ ಬಾವು ಹೆಚ್ಚಾಯಿತು. ಯಾಕೆ? (ಓದುಗರು, ಸಿದ್ದಾಪುರ)

ಉತ್ತರ: ಶಿರಸಿ, ಯಲ್ಲಾಪುರದ ಜೇನು ಸಾಕುವವರಿಗೆಲ್ಲ ಪರಿಚಯದ ಬಾವು ಇದು. ಜೇನಿನ ಒಣವಿಷದಲ್ಲಿ ಸುಮಾರು ಅರ್ಧ ಪಾಲು ಮೆಲಿಟಿನ್. ಅದು ಜೀವಕೋಶದ ಪೊರೆಯನ್ನೇ ತೂತು ಮಾಡುತ್ತದೆ, ಒಳಗಿನ ಪೊಟ್ಯಾಸಿಯಂ ಸೋರುತ್ತದೆ. ಆ ಸೋರಿಕೆಗೆ ಎಚ್ಚರಾಗುವುದು ಎನ್‌ಎಲ್‌ಆರ್‌ಪಿ3 ಎಂಬ ಪ್ರೋಟೀನು. ಅದು ಕ್ಯಾಸ್ಪೇಸ್-1 ಕಿಣ್ವವನ್ನು ಎಬ್ಬಿಸುತ್ತದೆ. ಸ್ವಾರಸ್ಯವಿರುವುದು ಇಲ್ಲೇ. ಉರಿಯೂತ ಹರಡುವ ಐಎಲ್-1 ಬೀಟಾ ಎಂಬ ಸಂಕೇತ ಪ್ರೋಟೀನನ್ನು ಕಚ್ಚಾ ರೂಪದಲ್ಲಿ ತಯಾರಿಸಿಡುವುದು ಎನ್‌ಎಫ್-ಕಪ್ಪಾ ಬಿ ಎಂಬ ಬೇರೆಯೇ ದಾರಿ. ಕ್ಯಾಸ್ಪೇಸ್ ಆ ಕಚ್ಚಾ ರೂಪವನ್ನು ಕತ್ತರಿಸಿ ಹದಕ್ಕೆ ತರುತ್ತದೆ. ಜೊತೆಗೆ ಗ್ಯಾಸ್‌ಡರ್ಮಿನ್ ಎಂಬ ಪ್ರೋಟೀನನ್ನೂ ಕತ್ತರಿಸಿದರೆ ಕೋಶವೇ ಒಡೆದು ಸಾಯಬಹುದು. ಹದಗೊಂಡ ಐಎಲ್-1 ಬೀಟಾದ ಕರೆಗೆ ಬಿಳಿ ರಕ್ತಕಣಗಳು ಬಂದು ಸೇರಲು ತಾಸುಗಟ್ಟಲೆ ಬೇಕು. ಮರುದಿನದ ಬಾವಿಗೆ ಇದೂ ಒಂದು ಕಾರಣ.

ಉಸಿರು ಕಟ್ಟಿದರೆ, ಮೈಯೆಲ್ಲ ದದ್ದು ಎದ್ದರೆ ಅದು ತೀವ್ರ ಅಲರ್ಜಿಯ ಲಕ್ಷಣ. ಮನೆಮದ್ದು ಹುಡುಕುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.