ಕೆಟ್ಟದಾಗಿ ಕೇಳಿಸಲಿ ಅಂತಲೇ ಮಾಡಿದ ಹಾಡುಗಳು

ಇಂಜಿನಿಯರಿಂಗ್ ಮೂರನೇ ಸೆಮಿಸ್ಟರ್. ಹಾಸ್ಟೆಲ್ ರೂಮ್‌ಮೇಟ್ ಒಂದು ಪೆನ್‌ಡ್ರೈವ್ ಕೊಟ್ಟು 'ಕೇಳಿ ನೋಡು' ಅಂದ. ಒಂದು ನಿಮಿಷ ಕೇಳಿದವನೇ ಇಯರ್‌ಫೋನ್ ಕಿತ್ತು, ಪಿನ್ ಒರೆಸಿ ಮತ್ತೆ ಚುಚ್ಚಿದೆ. ಅದೇ ಸದ್ದು. ಗಿಟಾರ್ ಅನ್ನೋದು ದೂರದಲ್ಲಿ ಜೇನುಗೂಡು ಎದ್ದ ಹಾಗೆ, ಡ್ರಮ್ಸ್ ಪಕ್ಕದ ಮನೆಯಲ್ಲಿ ಯಾರೋ ರಟ್ಟಿನ ಡಬ್ಬಿ ಬಡಿದ ಹಾಗೆ. 'ಫೈಲ್ ಕರಪ್ಟ್ ಆಗಿದೆ ಕಣೋ' ಅಂದೆ. ಅವನು ನಕ್ಕ. 'ಇಲ್ಲ ಮಗಾ, ಅದು ಹಾಗೇ ಇರೋದು.'

ಅದು ನಾರ್ವೆಯ ಡಾರ್ಕ್‌ಥ್ರೋನ್ ಬ್ಯಾಂಡಿನ 'ಟ್ರಾನ್ಸಿಲ್ವೇನಿಯನ್ ಹಂಗರ್'. 1994ರ ಆಲ್ಬಮ್. ಫೆನ್ರಿಜ್ ಅನ್ನೋ ಒಬ್ಬನೇ ಎಲ್ಲ ವಾದ್ಯ ನುಡಿಸಿ, ಮನೆಯಲ್ಲೇ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರ್‌ನಲ್ಲಿ ಹಿಡಿದಿಟ್ಟದ್ದು. ದನಿ ಮಾತ್ರ ಗೆಳೆಯ ನಾಕ್ಟರ್ನೋ ಕಲ್ಟೋನದ್ದು.

ಪಾಪ, ದುಡ್ಡಿರಲಿಲ್ಲ, ಅದಕ್ಕೇ ಹೀಗೆ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಇದೇ ಹುಡುಗರ ಮೊದಲ ಆಲ್ಬಮ್ 'ಸೋಲ್‌ಸೈಡ್ ಜರ್ನಿ' (1991) ಸ್ಟಾಕ್‌ಹೋಮ್‌ನ ಸನ್‌ಲೈಟ್ ಸ್ಟುಡಿಯೋದಲ್ಲಿ ರೆಕಾರ್ಡ್ ಆಗಿತ್ತು. ಆ ಕಾಲದ ಡೆತ್ ಮೆಟಲ್ ಬ್ಯಾಂಡುಗಳು ಕನಸು ಕಾಣುತ್ತಿದ್ದ ಜಾಗ ಅದು. ಒಳ್ಳೆಯ ಸದ್ದು ಹೇಗೆ ಬರುತ್ತೆ ಅಂತ ಇವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬೇಡ ಅಂದರು. 1992ರ 'ಎ ಬ್ಲೇಜ್ ಇನ್ ದ ನಾರ್ದರ್ನ್ ಸ್ಕೈ' ಕೇಳಿದಾಗ, ಎರಡನೇ ಡೆತ್ ಮೆಟಲ್ ಆಲ್ಬಮ್‌ಗೆ ಕಾಯುತ್ತಿದ್ದ ಲೇಬಲ್‌ನವರಿಗೇ ಇರುಸುಮುರುಸು ಆಯ್ತು.

ಯಾಕೆ ಬೇಡ ಅಂದರು? ಬೇರು ಹಿಂದಿನದು. ಇಂಗ್ಲೆಂಡಿನ ವೆನಮ್ 1982ರಲ್ಲಿ 'ಬ್ಲ್ಯಾಕ್ ಮೆಟಲ್' ಅನ್ನೋ ಆಲ್ಬಮ್ ಮಾಡಿ ಹೆಸರು ಕೊಟ್ಟಿತು. ಸ್ವೀಡನ್ನಿನ ಬಾಥೊರಿ ಒಂದು ಗ್ಯಾರೇಜನ್ನೇ ಸ್ಟುಡಿಯೋ ಮಾಡಿಕೊಂಡು ರೆಕಾರ್ಡ್ ಮಾಡಿತು. ಅಲ್ಲಿನ ಕೊರಕೊರ ಸದ್ದು ಬಹುಮಟ್ಟಿಗೆ ಅನಿವಾರ್ಯತೆ. ಅದನ್ನು ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಕಾಪಿ ಮಾಡಿ ಕೇಳಿ ಬೆಳೆದ ನಾರ್ವೆಯ ಹುಡುಗರಿಗೆ ಆ ಕೊರಕೊರವೇ ಸಂಗೀತದ ಭಾಗ ಆಗಿಬಿಟ್ಟಿತ್ತು. ನಮ್ಮ ಫೀಲ್ಡಿನ ಹಳೇ ಜೋಕ್ ಇದೆಯಲ್ಲ, 'ಇದು ಬಗ್ ಅಲ್ಲ, ಫೀಚರ್' ಅಂತ. ಇಲ್ಲಿ ಅದು ಅಕ್ಷರಶಃ ನಿಜ.

ಫೀಚರ್ ಅಂದದ್ದು ತಮಾಷೆಗಲ್ಲ. ಆ ಸದ್ದು ಒಂದು ಕೆಲಸ ಮಾಡುತ್ತೆ. ಗಿಟಾರ್‌ನಲ್ಲಿ ಒಂದೇ ಸ್ವರವನ್ನು ಸಿಕ್ಕಾಪಟ್ಟೆ ವೇಗವಾಗಿ ಮೀಟುತ್ತಾರೆ. ಚೊಕ್ಕ ರೆಕಾರ್ಡಿಂಗ್‌ನಲ್ಲಿ ಒಂದೊಂದು ಪೆಟ್ಟೂ ಬೇರೆ ಬೇರೆ ಕೇಳುತ್ತೆ, ಕೈಚಳಕ ಕಾಣುತ್ತೆ. ಬಾಸ್ ಇಳಿಸಿ, ಫಜ್ ಏರಿಸಿ, ಟೇಪಿನ ಹಿಸ್ ಸೇರಿಸಿದರೆ ಪೆಟ್ಟುಗಳೆಲ್ಲ ಕರಗಿ ಒಂದೇ ಪರದೆ ಆಗುತ್ತವೆ. ನಾಲ್ಕೈದು ನಿಮಿಷ ಕೇಳಿದ ಮೇಲೆ ಆ ಪರದೆಯ ಒಳಗಿಂದ ಒಂದು ರಾಗ ಮೆಲ್ಲಗೆ ಮೇಲೇಳುತ್ತೆ. ಅರ್ಧ ಅವರು ನುಡಿಸಿದ್ದು, ಅರ್ಧ ನಿಮ್ಮ ತಲೆ ತುಂಬಿಕೊಂಡದ್ದು. ನನಗೆ ಅದು ಕೇಳಿಸಲು ಎರಡು ತಿಂಗಳು ಬೇಕಾಯ್ತು. ಕೇಳಿಸಿದ ಮೇಲೆ ಬಿಡಲಾಗಲಿಲ್ಲ.

ಬರ್ಜಮ್‌ನ 'ಫಿಲೊಸೊಫೆಮ್' ಇನ್ನೂ ಒಂದು ಹೆಜ್ಜೆ ಮುಂದೆ. 1993ರಲ್ಲಿ ರೆಕಾರ್ಡ್ ಆದ, 1996ರಲ್ಲಿ ಹೊರಬಂದ ಈ ಆಲ್ಬಮ್‌ಗೆ ಗಿಟಾರನ್ನು ಮನೆಯ ಸ್ಟೀರಿಯೋ ಆಂಪ್ಲಿಫೈಯರ್‌ಗೆ ಸಿಕ್ಕಿಸಿದ್ದರು. ದನಿಗೆ, ಇದ್ದುದರಲ್ಲಿ ಕಳಪೆ ಮೈಕ್ ಬೇಕು ಅಂತ ಹುಡುಕಿ ಕೊನೆಗೆ ಹೆಡ್‌ಸೆಟ್ ಬಳಸಿದರು. ಕೆಟ್ಟ ಸದ್ದಿಗೂ ಇಷ್ಟು ಶ್ರದ್ಧೆ!

ಹಾಗಂತ ಎಲ್ಲರೂ ಕ್ಯಾಸೆಟ್ ಹಿಡಿದು ಕೂತಿರಲಿಲ್ಲ. ಈ ಶೈಲಿಯ ಶಿಖರ ಅಂತ ಹೇಳುವ ಮೇಹೆಮ್ ಬ್ಯಾಂಡಿನ 1994ರ ಆಲ್ಬಮ್ ರೆಕಾರ್ಡ್ ಆಗಿದ್ದು ಬರ್ಗೆನ್ನಿನ ಗ್ರೀಗ್‌ಹಾಲೆನ್‌ನಲ್ಲಿ. ಅದು ಆ ಊರಿನ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ನುಡಿಸುವ ಸಭಾಂಗಣ. 'ಪಿಟ್ಟನ್' ಅಂತ ಕರೆಯುವ ನುರಿತ ಸೌಂಡ್ ಇಂಜಿನಿಯರ್ ಅಲ್ಲಿ ಕೂತಿದ್ದರು. ಕಾಡಿನ ಕತ್ತಲಿನಿಂದ ಬಂದಂತಿರುವ ಆ ಸದ್ದಿನ ಹಿಂದೆ ಸರ್ಕಾರಿ ಕಾಸಿನ ಭವ್ಯ ಕಟ್ಟಡ ಇದೆ ಅಂತ ತಿಳಿದಾಗ ನನಗೆ ನಗು ಬಂತು. ಮೋಸ ಅನಿಸಲಿಲ್ಲ.

ನಗು ನಿಲ್ಲುವ ಜಾಗ ಬೇರೆ ಇದೆ.

ಈ ಹುಡುಗರಿಗೆ ಸದ್ದು 'ನಿಜ' ಇದ್ದರೆ ಸಾಲದು, ಬದುಕೂ 'ನಿಜ' ಇರಬೇಕಿತ್ತು. ಮೇಹೆಮ್‌ನ ಗಾಯಕ ಪೆರ್ ಓಲಿನ್ ತನ್ನನ್ನು 'ಡೆಡ್' ಅಂತ ಕರೆದುಕೊಂಡಿದ್ದ. ಮುಖಕ್ಕೆ ಕಪ್ಪು ಬಿಳಿ ಬಳಿದು ಹೆಣದ ಹಾಗೆ ಕಾಣುತ್ತಿದ್ದ, ಬಟ್ಟೆಗಳನ್ನು ಮಣ್ಣಲ್ಲಿ ಹೂತಿಟ್ಟು ಶೋ ದಿನ ತೆಗೆದು ಹಾಕಿಕೊಳ್ಳುತ್ತಿದ್ದ. ಅಭಿಮಾನಿಗಳಿಗೆ ಅದು ಇಮೇಜ್. ಅವನಿಗೆ ಅದು ಇಮೇಜ್ ಆಗಿರಲಿಲ್ಲ. 1991ರ ಏಪ್ರಿಲ್‌ನಲ್ಲಿ, 22ನೇ ವಯಸ್ಸಿನಲ್ಲಿ, ಅವನು ಜೀವ ಕಳೆದುಕೊಂಡ. ಮೊದಲು ನೋಡಿದ ಬ್ಯಾಂಡ್‌ಮೇಟ್ ಯೂರೋನಿಮಸ್ ಪೊಲೀಸರಿಗೆ ಹೇಳುವ ಮುಂಚೆ ಫೋಟೋ ತೆಗೆದ. ಆ ಫೋಟೋ ಮುಂದೆ ಒಂದು ಬೂಟ್‌ಲೆಗ್ ಆಲ್ಬಮ್‌ನ ಕವರ್ ಆಯ್ತು. ನಾನದನ್ನು ಒಮ್ಮೆ ನೋಡಿದ್ದೇನೆ, ನೋಡಬಾರದಿತ್ತು. ಜೊತೆಗಿದ್ದವನಿಗೆ ಸಹಾಯ ಬೇಕಿತ್ತು. ಸುತ್ತ ಇದ್ದವರಿಗೆ ಕಂಡದ್ದು ಪಬ್ಲಿಸಿಟಿ.

ಅಲ್ಲಿಂದ ಮುಂದೆ ಪೈಪೋಟಿ. ಯೂರೋನಿಮಸ್ ಓಸ್ಲೋದಲ್ಲಿ 'ಹೆಲ್ವೆತೆ', ಅಂದರೆ ನರಕ, ಅನ್ನೋ ರೆಕಾರ್ಡ್ ಅಂಗಡಿ ತೆರೆದ. ಯಾರು ಟ್ರೂ, ಯಾರು ಪೋಸರ್ ಅಂತ ತೀರ್ಪು ಅಲ್ಲೇ. 1992ರ ಜೂನ್ 6ರಂದು ಬರ್ಗೆನ್ ಬಳಿಯ ಫಾಂಟೋಫ್ಟ್ ಚರ್ಚು ಸುಟ್ಟುಹೋಯ್ತು, 12ನೇ ಶತಮಾನದ ಮರದ ಕಟ್ಟಡ. ಬರ್ಜಮ್ ಎಂಬ ಒಬ್ಬನೇ ಇದ್ದ ಬ್ಯಾಂಡಿನ ವರ್ಗ್ ವಿಕೆರ್ನೆಸ್ ಆ ಸುಟ್ಟ ಚರ್ಚಿನ ಫೋಟೋವನ್ನೇ ಕವರ್ ಮಾಡಿ, ಜೊತೆಗೊಂದು ಲೈಟರ್ ಇಟ್ಟು ರೆಕಾರ್ಡ್ ಮಾರಿದ. ಮಾರ್ಕೆಟಿಂಗ್ ಟೀಮಿಗೂ ಹೊಳೆಯದ ಐಡಿಯಾ. ಹಾಗಂತ ಇವರು ಬೈಯುತ್ತಿದ್ದದ್ದು ಮಾರ್ಕೆಟಿಂಗನ್ನೇ!

1993ರ ಆಗಸ್ಟ್‌ನಲ್ಲಿ ವಿಕೆರ್ನೆಸ್ ಯೂರೋನಿಮಸ್‌ನನ್ನು ಇರಿದು ಕೊಂದ. ಕೊಲೆಗೂ ಬೇರೆ ಚರ್ಚುಗಳಿಗೆ ಬೆಂಕಿ ಇಟ್ಟದ್ದಕ್ಕೂ ಸೇರಿ 21 ವರ್ಷ ಶಿಕ್ಷೆ ಆಯ್ತು. ಆಮೇಲೆ ಬಂದ ಮೇಹೆಮ್ ಆಲ್ಬಮ್‌ನಲ್ಲಿ ಗಿಟಾರ್ ಸತ್ತವನದ್ದು, ಬಾಸ್ ಕೊಂದವನದ್ದು.

ವಿಕೆರ್ನೆಸ್ ಜನಾಂಗದ್ವೇಷದ ಮಾತುಗಳನ್ನು ಇವತ್ತಿಗೂ ಬಿಟ್ಟಿಲ್ಲ. ನನ್ನ ಪ್ರೀತಿಯ ಡಾರ್ಕ್‌ಥ್ರೋನ್ ಆಲ್ಬಮ್ ಇದೆಯಲ್ಲ, ಅದರ ಮೊದಲ ಮುದ್ರಣದ ಹಿಂಬದಿಯಲ್ಲೂ 'ಆರ್ಯ' ಅನ್ನೋ ಪದ ಇತ್ತು, ಆಮೇಲೆ ತೆಗೆದರು. ಚರ್ಮದ ಬಣ್ಣ ನೋಡಿದ್ದರೆ ನನ್ನನ್ನು ಆ ಅಂಗಡಿಯೊಳಗೆ ಬಿಡುತ್ತಿದ್ದರಾ? ಗೊತ್ತಿಲ್ಲ. 'ಕಲೆ ಬೇರೆ, ಕಲಾವಿದ ಬೇರೆ' ಅಂತ ಸುಲಭವಾಗಿ ಹೇಳೋಕೆ ನನಗಾಗಲ್ಲ. ಬರ್ಜಮ್ ಕೇಳೋದು ಬಿಟ್ಟಿದ್ದೇನೆ. ಡಾರ್ಕ್‌ಥ್ರೋನ್ ಬಿಟ್ಟಿಲ್ಲ. ಇದರಲ್ಲಿ ಲಾಜಿಕ್ ಇದೆಯಾ ಅಂದರೆ ಪೂರ್ತಿ ಇಲ್ಲ.

ಈಗ ಆ ಕೊರಕೊರ ಸದ್ದು ಒಂದು ಪ್ಲಗಿನ್. ಲ್ಯಾಪ್‌ಟಾಪ್‌ನಲ್ಲಿ ಚೊಕ್ಕವಾಗಿ ರೆಕಾರ್ಡ್ ಮಾಡಿ, 'ಟೇಪ್ ಹಿಸ್' ಅನ್ನೋ ನಾಬ್ ತಿರುಗಿಸಿದರೆ ಆಯ್ತು. ಕೋಡ್ ಬರೆಯುವಾಗ ನೀವು ಹಾಕಿಕೊಳ್ಳೋ ಲೋ-ಫೈ ಬೀಟ್ಸ್‌ನಲ್ಲೂ ಅದೇ ಅಲ್ವಾ, ಸುಳ್ಳು ಮಳೆ, ಸುಳ್ಳು ಗ್ರಾಮಫೋನ್ ಚಿಟಪಟ. ನಾನೂ ಪಿಜಿಯಲ್ಲಿ ಗಿಟಾರ್ ಹಿಡಿದು ಒಂದು ರಿಫ್ ರೆಕಾರ್ಡ್ ಮಾಡಿದಾಗ ಆ ನಾಬ್ ತಿರುಗಿಸಿದೆ. ಚೆನ್ನಾಗೇ ಕೇಳಿಸಿತು. ಆದರೆ ಫೆನ್ರಿಜ್ ಬಳಿ ಅದನ್ನು ಆಫ್ ಮಾಡುವ ಬಟನ್ ಇರಲಿಲ್ಲ. ಹಾಳಾದ ಟೇಕ್ ಹಾಳಾದಂತೆಯೇ ಉಳಿಯುತ್ತಿತ್ತು. ವ್ಯತ್ಯಾಸ ಅಷ್ಟೇ ಅನಿಸುತ್ತೆ ನನಗೆ.

ಅಂದ ಹಾಗೆ ಈ ಫೆನ್ರಿಜ್ ಹೊಟ್ಟೆಪಾಡಿಗೆ ಮಾಡಿದ್ದು ಅಂಚೆ ಇಲಾಖೆಯ ನೌಕರಿ. ಆಮೇಲೆ ಊರಿನ ಕೌನ್ಸಿಲ್‌ಗೆ ಬದಲಿ ಸದಸ್ಯನಾಗಿಯೂ ಆರಿಸಿಬಂದ. ಪ್ರಚಾರಕ್ಕೆ ಅವನು ಮಾಡಿದ್ದು ಇಷ್ಟೇ: ಬೆಕ್ಕನ್ನು ಎತ್ತಿಕೊಂಡು ಫೋಟೋ ತೆಗೆಸಿ, 'ದಯವಿಟ್ಟು ನನಗೆ ವೋಟ್ ಹಾಕಬೇಡಿ' ಅಂದ. ಲೇಬಲ್‌ನವರು ಮೂಗು ಮುರಿದ ಆ 1992ರ ಆಲ್ಬಮ್ ಈಗ ನಾರ್ವೆಯ ರಾಷ್ಟ್ರೀಯ ಗ್ರಂಥಾಲಯದ ಪ್ರದರ್ಶನಕ್ಕೂ ಏರಿದೆ.

ಕೇಳಬೇಕು ಅನಿಸಿದರೆ ಅದರಿಂದಲೇ ಶುರು ಮಾಡಿ. ರಾತ್ರಿ, ವಾಲ್ಯೂಮ್ ಅರ್ಧಕ್ಕಿಂತ ಕೆಳಗೆ, ಬಾಸ್ ಬೂಸ್ಟ್ ಆಫ್. ಘರ್ಜನೆ ಕನ್ನಡದಲ್ಲೇ ಬೇಕು ಅಂದರೆ ಬೆಂಗಳೂರಿನ ದ್ವೇಷ ಬ್ಯಾಂಡಿನ 'ಸ್ತೂಪ' ಇದೆ. ಅದು ಬ್ಲ್ಯಾಕ್ ಮೆಟಲ್ ಅಲ್ಲ, ಡೆತ್ ಮೆಟಲ್. ಇವೆರಡರ ವ್ಯತ್ಯಾಸ ಏನು ಅಂತ ಮಾತ್ರ ಯಾವ ಮೆಟಲ್ ಅಭಿಮಾನಿಯನ್ನೂ ಆಫೀಸ್ ಲಂಚ್ ಟೈಮಲ್ಲಿ ಕೇಳಬೇಡಿ, ಊಟ ಆರಿಹೋಗುತ್ತೆ.