ಗಿರಣಿ ಕಾರ್ಮಿಕರ ಉದ್ಯೋಗ ರಕ್ಷಣೆ: ಮುಂಬಯಿಯ ಅನುಭವ

ಹತ್ತಿ ಜವಳಿ ಉದ್ಯಮವು ನಮ್ಮ ದೇಶದ ಸಂಘಟಿತ ಕೈಗಾರಿಕೆಗಳಲ್ಲಿ ಅತ್ಯಂತ ಹಳೆಯದಾದವುಗಳಲ್ಲಿ ಒಂದು. 1854ರಲ್ಲಿ ಕಾವಸ್‌ಜಿ ದಾವರ್ ಅವರು ಮುಂಬಯಿಯ ತಾರದೇವ್‌ನಲ್ಲಿ ನೂಲಿನ ಗಿರಣಿಯೊಂದಕ್ಕೆ ಅಡಿಪಾಯ ಹಾಕಿದರು. ಮುಂದಿನ ದಶಕಗಳಲ್ಲಿ ಪರೇಲ್, ಲಾಲ್‌ಬಾಗ್, ವರಳಿ ಮುಂತಾದ ಭಾಗಗಳು ಸೇರಿ ‘ಗಿರಣಗಾಂವ್’ ಎಂಬ ಹೆಸರು ಪಡೆದವು. ಕೊಂಕಣ ಮತ್ತು ದಖ್ಖನಿನಿಂದ ಬಂದ ಲಕ್ಷಾಂತರ ಕುಟುಂಬಗಳಿಗೆ ಈ ಗಿರಣಿಗಳು ಅನ್ನದ ದಾರಿಯಾದವು. ಸುತ್ತಮುತ್ತ ಹೋಟೆಲು, ಖಾನಾವಳಿ, ಅಂಗಡಿಗಳನ್ನು ನಡೆಸುತ್ತಿದ್ದವರ ಬದುಕೂ ಗಿರಣಿಯ ಭೋಂಗಾದೊಂದಿಗೇ ನಡೆಯುತ್ತಿತ್ತು. ಇಂತಹ ಪ್ರದೇಶದಲ್ಲಿ ಉದ್ಯಮವು ಕುಸಿದಾಗ ಉದ್ಯೋಗಗಳನ್ನು ಉಳಿಸಲು ಸರ್ಕಾರವು ಕೈಗೊಂಡ ಕ್ರಮಗಳು ಯಾವುವು, ಅವುಗಳಿಂದ ದೊರೆತ ಫಲವೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಗಿರಣಿಗಳು ರೋಗಗ್ರಸ್ತವಾದುದೇಕೆ?

ಇದಕ್ಕೆ ಹಲವು ಕಾರಣಗಳಿವೆ. ಯಂತ್ರಗಳು ಹಳೆಯವಾಗಿದ್ದರೂ ಅವುಗಳನ್ನು ಬದಲಾಯಿಸಲು ಅನೇಕ ಮಾಲೀಕರು ಹಣ ಹೂಡಲಿಲ್ಲ. ಭಿವಂಡಿ, ಮಾಲೇಗಾಂವ್, ಇಚಲಕರಂಜಿಗಳಲ್ಲಿ ಬೆಳೆದ ವಿದ್ಯುತ್ ಮಗ್ಗಗಳು ಕಡಿಮೆ ಕೂಲಿ ಹಾಗೂ ಕಡಿಮೆ ತೆರಿಗೆಯ ಬಲದಿಂದ ಅಗ್ಗದ ಬಟ್ಟೆಯನ್ನು ಮಾರುಕಟ್ಟೆಗೆ ತಂದವು. ಇದರಿಂದ ಗಿರಣಿಗಳಲ್ಲಿ ನೇಯ್ಗೆಯು ನಷ್ಟದ ಬಾಬಾಯಿತು. 1982ರ ಜನವರಿ 18ರಂದು ಡಾ. ದತ್ತಾ ಸಾಮಂತ್ ಅವರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೂಡಿದ ಮುಷ್ಕರವು ಒಂದು ವರ್ಷಕ್ಕೂ ಮೀರಿ ನಡೆಯಿತು. ವೇತನ ಹಾಗೂ ಬೋನಸ್‌ನ ಜೊತೆಗೆ, ತಮಗೆ ಬೇಕಾದ ಸಂಘವನ್ನು ಆರಿಸಿಕೊಳ್ಳುವ ಹಕ್ಕೂ ಅವರ ಬೇಡಿಕೆಯಾಗಿತ್ತು. ಮುಷ್ಕರದ ಬಳಿಕ ಅನೇಕ ಗಿರಣಿಗಳು ಹಿಂದಿನ ಪ್ರಮಾಣದಲ್ಲಿ ಕೆಲಸ ಆರಂಭಿಸಲೇ ಇಲ್ಲ. ಬಹುಸಂಖ್ಯೆಯ ಕಾರ್ಮಿಕರು ಕೆಲಸ ಕಳೆದುಕೊಂಡರು.

ರಾಷ್ಟ್ರೀಕರಣ

ಸರ್ಕಾರದ ಮೊದಲ ಉಪಾಯವು ಗಿರಣಿಗಳನ್ನು ತಾನೇ ವಹಿಸಿಕೊಳ್ಳುವುದಾಗಿತ್ತು. ಈ ಉದ್ದೇಶಕ್ಕಾಗಿ 1968ರಲ್ಲಿ ರಾಷ್ಟ್ರೀಯ ಜವಳಿ ನಿಗಮವನ್ನು ಸ್ಥಾಪಿಸಲಾಯಿತು. 1974ರ ಕಾಯಿದೆಯ ಮೂಲಕ ದೇಶದ 103 ರೋಗಗ್ರಸ್ತ ಗಿರಣಿಗಳು ರಾಷ್ಟ್ರೀಕರಣಗೊಂಡವು. ಬೆಂಗಳೂರಿನ ಮಿನರ್ವ ಗಿರಣಿಯೂ ಇವುಗಳಲ್ಲಿ ಒಂದು. ಅದರ ಮಾಲೀಕರು ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1980ರಲ್ಲಿ ನೀಡಿದ ತೀರ್ಪು, ಸಂವಿಧಾನದ ಮೂಲರಚನೆಯ ರಕ್ಷಣೆಗೆ ಸಂಬಂಧಿಸಿದಂತೆ ಇಂದಿಗೂ ಆಧಾರಪ್ರಾಯವಾಗಿದೆ.

ಮುಂಬಯಿಯ ಮುಷ್ಕರದ ನಂತರ 1983ರಲ್ಲಿ ಅಲ್ಲಿನ 13 ಗಿರಣಿಗಳ ಆಡಳಿತವನ್ನು ಸರ್ಕಾರವು ವಹಿಸಿಕೊಂಡಿತು. 1995ರ ಕಾಯಿದೆಯ ಮೂಲಕ ಇವೂ ಸೇರಿ 15 ಗಿರಣಿಗಳು ರಾಷ್ಟ್ರೀಕರಣಗೊಂಡವು. ಹೀಗೆ ಸಾವಿರಾರು ಕಾರ್ಮಿಕರ ವೇತನವು ಹಲವು ವರ್ಷ ಮುಂದುವರಿಯಿತು. ಆದರೆ ಮಾಲೀಕತ್ವ ಬದಲಾದರೂ ಮಗ್ಗಗಳು ಹಳೆಯವೇ ಆಗಿದ್ದುದರಿಂದ ನಷ್ಟವು ನಿಲ್ಲಲಿಲ್ಲ.

ಮುಚ್ಚುವಿಕೆಗೆ ಕಡಿವಾಣ

ಎರಡನೆಯ ಉಪಾಯವು ಕಾನೂನಿನದು. ಕೈಗಾರಿಕಾ ವಿವಾದಗಳ ಕಾಯಿದೆಗೆ 1976ರಲ್ಲಿ ಮಾಡಿದ ತಿದ್ದುಪಡಿಯಂತೆ, 300 ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯು ಕಾರ್ಮಿಕರನ್ನು ಕಡಿತಗೊಳಿಸುವ ಮೊದಲು ಸರ್ಕಾರದ ಅನುಮತಿ ಪಡೆಯಬೇಕಾಯಿತು. ಮುಂದೆ ಈ ಮಿತಿಯನ್ನು 100ಕ್ಕೆ ಇಳಿಸಲಾಯಿತು. 1985ರ ಕಾಯಿದೆಯೊಂದರ ಅನ್ವಯ ರೋಗಗ್ರಸ್ತ ಉದ್ಯಮಗಳ ಪುನಶ್ಚೇತನಕ್ಕಾಗಿ ಕೈಗಾರಿಕಾ ಮತ್ತು ಹಣಕಾಸು ಪುನರ್ರಚನಾ ಮಂಡಳಿಯೂ ರಚನೆಯಾಯಿತು. ಆದರೆ ಅನುಮತಿ ನಿರಾಕರಿಸಿದ ಮಾತ್ರಕ್ಕೆ ಗಿರಣಿ ನಡೆಯುವುದಿಲ್ಲ. ವಿದ್ಯುತ್ ಬಿಲ್ಲು ಕಟ್ಟದೆ, ಹತ್ತಿ ಕೊಳ್ಳದೆ ಕೆಲಸವನ್ನು ನಿಲ್ಲಿಸಿದ ಗಿರಣಿಯು ಕಾಗದದ ಮೇಲೆ ಮಾತ್ರ ತೆರೆದಿರಲು ಸಾಧ್ಯವಿತ್ತು.

ಪರಿಹಾರ ಮತ್ತು ಆಧುನೀಕರಣ

1985ರ ಜವಳಿ ನೀತಿಯು, ಉಳಿಯಲಾರದ ಗಿರಣಿಗಳು ಮುಚ್ಚಬೇಕಾಗಬಹುದೆಂದು ಒಪ್ಪಿಕೊಂಡಿತು. ಅಂದಿನಿಂದ ಗಿರಣಿಯನ್ನು ರಕ್ಷಿಸುವ ಚಿಂತನೆಯ ಜೊತೆಗೆ ಕಾರ್ಮಿಕನನ್ನು ರಕ್ಷಿಸುವ ಚಿಂತನೆಯೂ ಸೇರಿತು. 1986ರಲ್ಲಿ ಜಾರಿಗೆ ಬಂದ ಜವಳಿ ಕಾರ್ಮಿಕರ ಪುನರ್ವಸತಿ ನಿಧಿ ಯೋಜನೆಯಂತೆ, ಶಾಶ್ವತವಾಗಿ ಮುಚ್ಚಿದ ಖಾಸಗಿ ಗಿರಣಿಯ ಅರ್ಹ ಕಾರ್ಮಿಕನಿಗೆ ಮೊದಲ ವರ್ಷ ವೇತನದ ಶೇ. 75, ಎರಡನೆಯ ವರ್ಷ ಶೇ. 50, ಮೂರನೆಯ ವರ್ಷ ಶೇ. 25ರಷ್ಟು ನೆರವು ದೊರೆಯುತ್ತಿತ್ತು. ಅಷ್ಟರೊಳಗೆ ಆತನು ಬೇರೆ ಉದ್ಯೋಗಕ್ಕೆ ಅಣಿಯಾಗಲೆಂಬುದು ಇದರ ಆಶಯ. ಆದರೆ ಅಧಿಕೃತವಾಗಿ ಮುಚ್ಚದೆ ಕೆಲಸ ಮಾತ್ರ ನಿಂತಿದ್ದ ಗಿರಣಿಗಳ ಕಾರ್ಮಿಕರಿಗೆ ಇದನ್ನು ಪಡೆಯಲು ತೊಡಕಾಯಿತು. 2017ರಲ್ಲಿ ಈ ಯೋಜನೆಯನ್ನು, ನೌಕರರ ರಾಜ್ಯ ವಿಮೆಯಡಿ 2005ರಲ್ಲಿ ಆರಂಭವಾಗಿದ್ದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯೊಂದಿಗೆ ವಿಲೀನಗೊಳಿಸಲಾಯಿತು.

ಇದಲ್ಲದೆ 1999ರ ಏಪ್ರಿಲ್‌ನಿಂದ ತಂತ್ರಜ್ಞಾನ ಉನ್ನತೀಕರಣ ನಿಧಿ ಯೋಜನೆಯಡಿ, ಹೊಸ ಯಂತ್ರಗಳಿಗಾಗಿ ಪಡೆದ ಸಾಲದ ಬಡ್ಡಿಯಲ್ಲಿ ಒಂದು ಭಾಗವನ್ನು ಸರ್ಕಾರವು ಭರಿಸತೊಡಗಿತು.

ಗಿರಣಿಯ ಭೂಮಿ

ನಗರದ ಮಧ್ಯದಲ್ಲಿದ್ದ ಗಿರಣಿಗಳ ಭೂಮಿಯ ಬೆಲೆ ಅಲ್ಲಿ ನೇಯುವ ಬಟ್ಟೆಯ ಆದಾಯವನ್ನು ಬಹುದೂರ ಮೀರಿತ್ತು. 1991ರ ಅಭಿವೃದ್ಧಿ ನಿಯಂತ್ರಣ ನಿಯಮವು ಭೂಮಿಯನ್ನು ಮೂರು ಪಾಲು ಮಾಡಿ, ಬಯಲಿಗೆ, ಸಾರ್ವಜನಿಕ ವಸತಿಗೆ ಮತ್ತು ಮಾಲೀಕರಿಗೆ ಹಂಚಲು ಅವಕಾಶ ನೀಡಿತು. 2001ರ ತಿದ್ದುಪಡಿಯು ಈ ಹಂಚಿಕೆಯನ್ನು ಕಟ್ಟಡಗಳಿಲ್ಲದ ಖಾಲಿ ಭೂಮಿಗೆ ಸೀಮಿತಗೊಳಿಸಿದ್ದರಿಂದ ಸಾರ್ವಜನಿಕರ ಪಾಲು ಬಹಳ ಕಡಿಮೆಯಾಯಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಜವಳಿ ನಿಗಮವು 2005ರಲ್ಲಿ ಮುಂಬಯಿಯ ಐದು ಗಿರಣಿಗಳ ಭೂಮಿಯನ್ನು ಮಾರಿತು. ನಿಗಮವು ತನ್ನ ಭೂಮಿಯನ್ನು ಮಾರಿ ಬಂದ ಹಣವನ್ನು ಸ್ವಯಂ ನಿವೃತ್ತಿ ಪರಿಹಾರಕ್ಕೂ ಉಳಿದ ಗಿರಣಿಗಳ ಆಧುನೀಕರಣಕ್ಕೂ ಬಳಸಿತು. ಹಾಸನದಲ್ಲಿ ನಿರ್ಮಾಣವಾದ ನ್ಯೂ ಮಿನರ್ವ ಗಿರಣಿಯು ನಿಗಮದ ಹೊಸ ಘಟಕಗಳಲ್ಲಿ ಒಂದು. ಗಿರಣಿ ಕಾರ್ಮಿಕರಿಗಾಗಿ ವಸತಿ ಮಂಡಳಿಯು 2012ರಲ್ಲಿ ಚೀಟಿ ಎತ್ತಿ ಮನೆಗಳನ್ನು ಹಂಚಿತು. ಆದರೆ ಒಂದೂವರೆ ಲಕ್ಷಕ್ಕೂ ಮೀರಿ ಬಂದ ಅರ್ಜಿಗಳ ಮುಂದೆ ಮನೆಗಳ ಸಂಖ್ಯೆ ತೀರ ಅಲ್ಪವಾಗಿತ್ತು.

ಅನುಭವದ ಪಾಠ

ನಿಗಮದ ಗಿರಣಿಗಳ ಉತ್ಪಾದನೆಯು 2020ರ ಮಾರ್ಚ್‌ನ ಲಾಕ್‌ಡೌನ್ ಸಮಯದಲ್ಲಿ ಸ್ಥಗಿತಗೊಂಡಿತು. ಹಿಂತಿರುಗಿ ನೋಡಿದರೆ, ರಾಷ್ಟ್ರೀಕರಣವು ಕಾರ್ಮಿಕರಿಗೆ ಕಾಲಾವಕಾಶ ನೀಡಿತೆಂಬುದು ನಿಜ. ಆ ಕಾಲದಲ್ಲಿಯೇ ಯಂತ್ರ, ತರಬೇತಿ ಹಾಗೂ ವಸತಿಗೆ ಸಾಕಷ್ಟು ಹಣ ಒದಗಿದ್ದರೆ ಫಲವು ಹೆಚ್ಚು ಉತ್ತಮವಾಗುತ್ತಿತ್ತು.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಪೂರ್ವಾನುಮತಿಯ ಮಿತಿಯನ್ನು ಮತ್ತೆ 300 ಕಾರ್ಮಿಕರಿಗೆ ಏರಿಸಿದೆ. ಇದರ ಜೊತೆಗೆ, ಕಡಿತಗೊಂಡ ಪ್ರತಿಯೊಬ್ಬ ಕಾರ್ಮಿಕನ 15 ದಿನಗಳ ವೇತನಕ್ಕೆ ಸಮನಾದ ಮೊತ್ತವನ್ನು ಮಾಲೀಕರು ಮರುಕೌಶಲ ನಿಧಿಗೆ ಸಲ್ಲಿಸಬೇಕೆಂದೂ ಅದು ವಿಧಿಸಿದೆ. ಯಾವ ಯೋಜನೆಯ ಲಾಭ ಪಡೆಯಬೇಕಾದರೂ ಸೇವೆಯ ದಾಖಲೆ ಅವಶ್ಯಕ. ಹಾಜರಿ ಚೀಟಿ, ವೇತನ ಪಟ್ಟಿ, ಭವಿಷ್ಯ ನಿಧಿಯ ಸಂಖ್ಯೆ, ರಾಜ್ಯ ವಿಮೆಯ ಕಾರ್ಡು ಇವುಗಳನ್ನು ಪ್ರತಿಯೊಬ್ಬ ಕಾರ್ಮಿಕನೂ ಜೋಪಾನವಾಗಿ ಕಾಯ್ದಿಟ್ಟುಕೊಳ್ಳಬೇಕು. ಕಾರ್ಖಾನೆಯ ಬಾಗಿಲು ಮುಚ್ಚಿದ ಮೇಲೆ ಕಾರ್ಮಿಕನ ಹಕ್ಕಿಗೆ ಸಾಕ್ಷಿ ಹೇಳುವವು ಇವೇ.