ಮಕ್ಕಳ ವಿಹಾರಕ್ಕೊಂದು ಮುಂಗಡಪತ್ರ

ಊರು ಬಿಟ್ಟು ಮಹಾನಗರದಲ್ಲಿ ನೆಲೆಸಿದ ನಮ್ಮಂಥವರಿಗೆ ರಜೆ ಎಂಬ ಮಾತಿಗೆ ಬಹುಕಾಲ ಒಂದೇ ಅರ್ಥವಿತ್ತು. ಶಾಲೆ ಮುಚ್ಚಿದೊಡನೆ ಹೆಂಡತಿ ಮಕ್ಕಳೊಡನೆ ಊರಿಗೆ ಹೊರಡುವುದು. ಅಜ್ಜಿಯ ಮನೆಯ ಮಾವು ಹಲಸುಗಳನ್ನು ಮುಗಿಸಿ ಮರಳುವುದು. ಅದಕ್ಕೆ ಯಾರೂ ಯೋಜನೆ ಹಾಕುತ್ತಿರಲಿಲ್ಲ. ಸಣ್ಣ ಮಗು ಅಂಗಳದಲ್ಲಿ, ನಡುವಿನವನು ಮರದ ಮೇಲೆ, ದೊಡ್ಡವಳು ಅತ್ತೆಯೊಡನೆ ಹರಟೆಯಲ್ಲಿ; ಊಟದ ಹೊತ್ತಿಗೆ ಎಲ್ಲರೂ ಒಂದೇ ಪಂಕ್ತಿಯಲ್ಲಿ. ಒಂದೇ ಮನೆ ಎಲ್ಲ ವಯಸ್ಸಿನವರಿಗೂ ಒದಗಿಬರುತ್ತಿತ್ತು.

ಈಗ ಊರಿನ ಮನೆಗಳಿಗೆ ಬೀಗ ಬಿದ್ದಿದೆ. ಮಕ್ಕಳ ರಜೆಯೂ ಪರೀಕ್ಷೆ, ತರಗತಿಗಳ ನಡುವೆ ಸಿಕ್ಕಿ ಸಣ್ಣದಾಗಿದೆ. ಆ ಸ್ಥಾನವನ್ನು ಕೆಲಮಟ್ಟಿಗೆ ಮನೋರಂಜನಾ ಉದ್ಯಾನಗಳು, ಅಂದರೆ ಥೀಮ್ ಪಾರ್ಕ್‌ಗಳು, ತುಂಬುತ್ತಿವೆ. ದೆಹಲಿಯ ಅಪ್ಪು ಘರ್ 1984ರಲ್ಲಿ ಆರಂಭವಾಗಿ 2008ರಲ್ಲಿ ಮುಚ್ಚಿತು. ಮುಂಬಯಿಯ ಗೊರಾಯಿಯಲ್ಲಿ 1989ರಲ್ಲಿ ತೆರೆದ ಎಸ್ಸೆಲ್ ವರ್ಲ್ಡ್ 2022ರಲ್ಲಿ ನಿಂತುಹೋಯಿತು. ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿ, ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾ, ಖೋಪೋಲಿಯ ಸಮೀಪ 2013ರಲ್ಲಿ ತೆರೆದ ಇಮ್ಯಾಜಿಕಾ ಇಂದು ನಮ್ಮ ಮಕ್ಕಳ ಬಾಯಲ್ಲಿರುವ ಹೆಸರುಗಳು.

ಇಂಥ ಉದ್ಯಾನಗಳ ಹುಟ್ಟಿನ ಬಗೆಗೆ ವಾಲ್ಟ್ ಡಿಸ್ನಿಯವರೇ ಹೇಳಿಕೊಂಡ ಪ್ರಸಂಗವೊಂದಿದೆ. ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ಅವರ ಇಬ್ಬರು ಹೆಣ್ಣುಮಕ್ಕಳು ತಿರುಗುವ ಕುದುರೆಗಳ ಮೇಲೆ ಕುಳಿತು ನಲಿಯುತ್ತಿದ್ದರೆ, ತಂದೆಯಾದವರು ಬೆಂಚಿನ ಮೇಲೆ ಸುಮ್ಮನೆ ಕುಳಿತಿರಬೇಕಾಗಿತ್ತಂತೆ. ಹಿರಿಯರೂ ಕಿರಿಯರೂ ಕೂಡಿ ನಲಿಯುವ ಸ್ಥಳವೊಂದಿರಬೇಕೆಂಬ ಯೋಚನೆ ಅಲ್ಲಿ ಮೊಳೆಯಿತು. 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆಯಿತು. ಆ ಬೆಂಚಿನ ಮೇಲೆ ಕುಳಿತ ಅನುಭವ ನನಗೂ ಉಂಟು. ಅದನ್ನು ಹೇಳಿಕೊಳ್ಳುವುದೇ ಈ ಲೇಖನದ ಉದ್ದೇಶ.

ಒಂದು ನಷ್ಟದ ದಿನ

ಮೂರು ವರ್ಷಗಳ ಹಿಂದಿನ ದೀಪಾವಳಿ ರಜೆ. ನನಗೆ ಮೂವರು ಮಕ್ಕಳು. ಆಗ ಹಿರಿಯ ಮಗಳಿಗೆ ಹದಿನಾಲ್ಕು, ಮಗನಿಗೆ ಒಂಬತ್ತು, ಕಿರಿಯವಳಿಗೆ ನಾಲ್ಕು. ಜೊತೆಗೆ ಎಪ್ಪತ್ತು ದಾಟಿದ ನನ್ನ ತಾಯಿ. ‘ಎಲ್ಲರೂ ಎಲ್ಲ ಕಡೆಗೂ ಒಟ್ಟಿಗೆ’ ಎಂಬುದು ನಾನು ಹೊರಡಿಸಿದ ಸುತ್ತೋಲೆ.

ಮಗ ಒಂದು ತಿಂಗಳಿನಿಂದ ಒಂದೇ ರೋಲರ್ ಕೋಸ್ಟರಿನ ಕನಸು ಕಾಣುತ್ತಿದ್ದ. ಅವನೊಡನೆ ಒಂದೂಕಾಲು ಗಂಟೆ ಸರದಿಯಲ್ಲಿ ನಿಂತೆ. ಮುಂದೆ ಬಂದಾಗ ಸಿಬ್ಬಂದಿಯ ತರುಣನೊಬ್ಬ ಅವನನ್ನು ಅಳತೆಗೋಲಿನ ಬಳಿ ನಿಲ್ಲಿಸಿದ. ಎರಡು ಬೆರಳಷ್ಟು ಕಡಿಮೆ. ಚೆಕ್ಕಿನ ಸಹಿ ಕೊಂಚ ಭಿನ್ನವಾದರೂ ಹಣ ಪಾವತಿ ಮಾಡದೆ ಹಿಂದಿರುಗಿಸುವ ವೃತ್ತಿಯಲ್ಲಿ ಇಪ್ಪತ್ತು ವರ್ಷ ಕಳೆದ ನಾನು, ಯಾರಿಗೂ ತಿಳಿಯದಂತೆ ಕನ್ನಡದಲ್ಲಿ, ‘ಹಿಮ್ಮಡಿ ಸ್ವಲ್ಪ ಎತ್ತು, ಮಗು’ ಎಂದು ಮಗನ ಕಿವಿಯಲ್ಲಿ ಹೇಳಿದೆ. ಅವನು ಎತ್ತಿದ. ಆ ತರುಣ ನಗುತ್ತಲೇ ಅವನ ಹೆಗಲ ಮೇಲೆ ಕೈಯಿಟ್ಟು ಮೆಲ್ಲನೆ ಕೆಳಗಿಳಿಸಿ, ಮುಂದಿನ ಸಲ ಬಾ ಎಂದ. ನನ್ನ ಮಗ ಅಳಲಿಲ್ಲ. ನನ್ನ ಮುಖ ನೋಡಿದ. ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

ಅತ್ತ ಹಿರಿಯವಳು ಇಡೀ ದಿನ ತಂಗಿಯ ಕೈ ಹಿಡಿದು, ಅಜ್ಜಿಯ ಚೀಲ ಹೊತ್ತು ಕಾದಿದ್ದಳು. ಮಧ್ಯಾಹ್ನದ ನಿದ್ದೆ ತಪ್ಪಿದ ಕಿರಿಯವಳು ಮೂರು ಗಂಟೆಯಿಂದ ರಚ್ಚೆ ಹಿಡಿದಳು. ರಾತ್ರಿ ಮನೆ ಸೇರಿದ ಮೇಲೆ ಹಿರಿಯವಳು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: ‘ಅಪ್ಪ, ಎಲ್ಲರೂ ಒಟ್ಟಿಗೆ ಹೋಗಿದ್ದೆವು, ಸರಿ. ಆದರೆ ಆಟ ಆಡಿದವರು ಯಾರು?’

ಎತ್ತರದ ಲೆಕ್ಕ

ದೊಡ್ಡ ಆಟಗಳಲ್ಲಿ ಪ್ರವೇಶವನ್ನು ಸಾಮಾನ್ಯವಾಗಿ ನಿರ್ಧರಿಸುವುದು ವಯಸ್ಸಲ್ಲ, ಎತ್ತರ. ಇದರಲ್ಲಿ ಹಟವೇನೂ ಇಲ್ಲ. ಆಸನದಲ್ಲಿ ನಮ್ಮನ್ನು ಹಿಡಿದಿಡುವ ಕಂಬಿ ಮತ್ತು ಪಟ್ಟಿಗಳು ಒಂದು ನಿರ್ದಿಷ್ಟ ಅಳತೆಯ ಶರೀರಕ್ಕೆಂದೇ ರಚಿತವಾಗಿರುತ್ತವೆ. ಅದಕ್ಕಿಂತ ಸಣ್ಣ ಶರೀರ ವೇಗದ ತಿರುವಿನಲ್ಲಿ ಅವುಗಳಿಂದ ಜಾರಬಹುದು. ಎರಡು ಬೆರಳಿನ ಅಂತರ ಎಂದು ನಾನು ಹಗುರವಾಗಿ ಎಣಿಸಿದ್ದು ನನ್ನ ಮಗನ ಜೀವರಕ್ಷಣೆಯ ಲೆಕ್ಕವಾಗಿತ್ತು.

ಆದುದರಿಂದ ಹೊರಡುವ ಮುನ್ನ ಮಕ್ಕಳನ್ನು ಪಾದರಕ್ಷೆಯಿಲ್ಲದೆ ಗೋಡೆಗೆ ಒರಗಿಸಿ ನಿಲ್ಲಿಸಿ ಅಳೆಯಿರಿ. ಉದ್ಯಾನದವರು ಪ್ರಕಟಿಸಿರುವ ಮಿತಿಗಳೊಡನೆ ತಾಳೆ ನೋಡಿ, ಯಾರು ಯಾವ ಆಟಕ್ಕೆ ಸಲ್ಲುವರೆಂದು ಪಟ್ಟಿ ಮಾಡಿ ಮಗುವಿಗೆ ಮನೆಯಲ್ಲೇ ತಿಳಿಸಿ. ಅಡುಗೆಮನೆಯಲ್ಲಿ ಆಗುವ ನಿರಾಸೆ ಒಂದು ದೋಸೆಯಲ್ಲಿ ಮರೆತುಹೋಗುತ್ತದೆ. ನೂರು ಜನರೆದುರು ಆಗುವ ನಿರಾಸೆ ಮರೆಯುವುದಿಲ್ಲ. ಹಲವೆಡೆ ಮಕ್ಕಳ ಟಿಕೆಟ್ಟಿನ ದರವೂ ಎತ್ತರವನ್ನೇ ಅವಲಂಬಿಸುವುದರಿಂದ ಈ ಅಳತೆ ಖರ್ಚಿನ ಅಂದಾಜಿಗೂ ಬೇಕು.

ನಿದ್ರೆ ಎಂಬ ಮೂಲಧನ

ವಿಹಾರದ ದಿನ ಮಗು ವ್ಯಯಿಸುವ ಶಕ್ತಿಗೆ ಮೂಲಧನ ಹಿಂದಿನ ರಾತ್ರಿಯ ನಿದ್ರೆ. ದಿನವೊಂದಕ್ಕೆ 3ರಿಂದ 5 ವರ್ಷದವರಿಗೆ ಹಗಲು ನಿದ್ದೆಯೂ ಸೇರಿ 10ರಿಂದ 13 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕೆಂಬುದು ತಜ್ಞರ ಮತ. ನಸುಕಿನ ನಾಲ್ಕಕ್ಕೆ ಎಬ್ಬಿಸಿ ಬಸ್ಸು ಹತ್ತಿಸಿದ ಮಗು ಮಧ್ಯಾಹ್ನ ಹಟ ಮಾಡಿದರೆ ಅದು ತುಂಟತನವಲ್ಲ, ಸಾಲದ ವಸೂಲಿ. ಸಾಧ್ಯವಿದ್ದವರು ಹಿಂದಿನ ದಿನವೇ ಹೋಗಿ ಸಮೀಪದಲ್ಲಿ ತಂಗುವುದು ಲೇಸು. ಆಗದಿದ್ದರೆ, ದೊಡ್ಡ ಆಟಗಳನ್ನು ಬೆಳಗಿನ ತಂಪಿನಲ್ಲಿ ಮುಗಿಸಿ, ನಡು ಮಧ್ಯಾಹ್ನ ಒಂದೂವರೆ ಗಂಟೆ ನೆರಳಿನಲ್ಲಿ ಎಲ್ಲರೂ ವಿಶ್ರಮಿಸಬೇಕು. ವಾರದ ನಡುವಿನ ದಿನವನ್ನು ಆರಿಸಿದರೆ ಸರದಿಯ ಉದ್ದ ಕಡಿಮೆ.

ಬಿಸಿಲು, ನೀರು, ಆಹಾರ

ಬಾಯಾರಿಕೆಯಾಯಿತೆಂದು ಮಕ್ಕಳು ಹೇಳುವವರೆಗೆ ಕಾಯದೆ ಆಗಾಗ ನೀರು, ಮಜ್ಜಿಗೆ, ಉಪ್ಪು ಸಕ್ಕರೆ ಬೆರೆಸಿದ ನಿಂಬೆ ಪಾನಕ ಕೊಡುತ್ತಿರಬೇಕು. ಓ.ಆರ್.ಎಸ್. ಪುಡಿ ಒಯ್ಯುವುದಾದರೆ, ಪೊಟ್ಟಣದ ಮೇಲೆ ಸೂಚಿಸಿದಷ್ಟೇ ನೀರಿಗೆ ಇಡೀ ಪೊಟ್ಟಣವನ್ನು ಬೆರೆಸಿ. ಅರ್ಧರ್ಧ ಅಂದಾಜು ಬೇಡ. ತಲೆನೋವು, ಓಕರಿಕೆ, ಮಂಕು, ಮೂತ್ರ ಕಡಿಮೆಯಾಗುವುದು ಇವು ಬಿಸಿಲಿನ ಬಳಲಿಕೆಯ ಲಕ್ಷಣಗಳು. ಕೂಡಲೇ ನೆರಳಿಗೆ ಕರೆತಂದು, ಒದ್ದೆ ಬಟ್ಟೆಯಿಂದ ಒರೆಸಿ, ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಸಬೇಕು. ಮೈ ಸುಡುತ್ತ ಮಾತು ತೊದಲಿದರೆ ಅಥವಾ ಪ್ರಜ್ಞೆ ತಪ್ಪಿದರೆ ಅದು ತುರ್ತು ಚಿಕಿತ್ಸೆಯ ಪ್ರಸಂಗ. ಬಾಯಿಗೆ ಏನನ್ನೂ ಹಾಕದೆ, ಮೈಯನ್ನು ತಂಪುಗೊಳಿಸುತ್ತಲೇ ವೈದ್ಯರ ನೆರವು ಪಡೆಯಬೇಕು.

ತಿರುಗುವ ಆಟಗಳಲ್ಲಿ ಕಣ್ಣು ಹೇಳುವುದಕ್ಕೂ ಒಳಕಿವಿಯ ಸಮತೋಲನೇಂದ್ರಿಯ ಹೇಳುವುದಕ್ಕೂ ಹೊಂದಾಣಿಕೆ ತಪ್ಪಿದಾಗ ವಾಂತಿ ಬರುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಹೊಟ್ಟೆ ತುಂಬ ಉಂಡೊಡನೆ ಆಟಕ್ಕೆ ಕಳುಹಿಸಬೇಡಿ. ಹೃದ್ರೋಗ, ಬೆನ್ನು ಅಥವಾ ಕುತ್ತಿಗೆಯ ತೊಂದರೆ, ಅಪಸ್ಮಾರ ಉಳ್ಳವರು, ಗರ್ಭಿಣಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ರಭಸದ ಆಟಗಳಿಂದ ದೂರವಿರಬೇಕು.

ನೀರಿನ ಆಟಗಳಲ್ಲಿ ಒಂದು ಎಚ್ಚರ ಅತ್ಯಗತ್ಯ. ಮುಳುಗುವ ಮಗು ಕೂಗುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ. ಕಾವಲುಗಾರರಿದ್ದರೂ, ಮಗುವಿಗೆ ಗಾಳಿ ತುಂಬಿದ ಉಂಗುರ ತೊಡಿಸಿದ್ದರೂ, ಎಳೆಯ ಮಗು ಹಿರಿಯರೊಬ್ಬರ ಕೈಗೆಟಕುವ ದೂರದಲ್ಲೇ ಇರಬೇಕು. ಆ ಕೈಯಲ್ಲಿ ಮೊಬೈಲ್ ಇರಕೂಡದು.

ಅಗಲುವುದು, ಕೂಡುವುದು

ಕೊನೆಯದಾಗಿ, ಮಗಳ ಪ್ರಶ್ನೆಯಿಂದ ನಾನು ಕಲಿತದ್ದು. ನಾಲ್ಕರ ಮಗುವಿಗೂ ಹದಿನಾಲ್ಕರ ಹುಡುಗಿಗೂ ಒಂದೇ ಆಟ ಒಗ್ಗದು. ಬಲವಂತದಿಂದ ಕೂಡಿಸಿದರೆ ಒಬ್ಬರು ಇನ್ನೊಬ್ಬರ ಆಳಾಗುತ್ತಾರೆ. ಸಾಮಾನ್ಯವಾಗಿ ಮನೆಯ ಹಿರಿಯ ಮಗಳೇ ಆಳಾಗುವುದು. ಎರಡು ತಂಡಗಳಾಗಿ ಅಗಲಿ, ಗೊತ್ತುಪಡಿಸಿದ ಸ್ಥಳದಲ್ಲಿ, ಗೊತ್ತುಪಡಿಸಿದ ಹೊತ್ತಿಗೆ ಊಟಕ್ಕೆ ಕೂಡಬೇಕು. ಪ್ರತಿಯೊಬ್ಬರಿಗೂ ಅವರೇ ಆರಿಸಿದ ಒಂದು ಆಟ ಖಾತರಿಯಾಗಿರಲಿ, ಅಜ್ಜಿಗೂ. ಡಿಸ್ನಿ ಉದ್ಯಾನಗಳಲ್ಲಿ, ಒಬ್ಬ ಹಿರಿಯರು ಆಡಿ ಬರುವತನಕ ಮಗುವನ್ನು ಕಾಯ್ದ ಇನ್ನೊಬ್ಬರಿಗೆ ಸರದಿಯಲ್ಲಿ ಮತ್ತೆ ಮೊದಲಿನಿಂದ ನಿಲ್ಲದೆ ಆಡುವ ಅವಕಾಶವಿದೆ. ನೀವು ಹೋಗುವಲ್ಲಿಯೂ ವಿಚಾರಿಸಿ ನೋಡಿ. ಎಳೆಯ ಮಗುವಿನ ಜೇಬಿನಲ್ಲಿ ದೂರವಾಣಿ ಸಂಖ್ಯೆ ಬರೆದ ಚೀಟಿ ಇರಲಿ. ಬೆಳಿಗ್ಗೆ ತೊಟ್ಟ ಬಟ್ಟೆಯಲ್ಲೇ ಒಂದು ಭಾವಚಿತ್ರ ತೆಗೆದಿಡಿ.

ಮರುವರ್ಷದ ದೀಪಾವಳಿಗೆ ಈ ಮುಂಗಡಪತ್ರದ ಪ್ರಕಾರ ಹೊರಟೆವು. ಹಿರಿಯವಳು ನನ್ನ ತಂಗಿಯ ಮಗಳೊಡನೆ ಮೂರು ಗಂಟೆ ಸ್ವತಂತ್ರಳಾಗಿದ್ದಳು. ಕಿರಿಯವಳನ್ನು ಮುಂದೆ ಕೂರಿಸಿಕೊಂಡು ನನ್ನ ತಾಯಿ ತಿರುಗುವ ಬಂಡಿಯಲ್ಲಿ ಎರಡು ಸುತ್ತು ಬಂದರು. ಮಗ ಆ ವರ್ಷ ಬೆಳೆದಿದ್ದ. ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ನಾವು ಎಳೆದಿದ್ದ ಮಿತಿಯ ಗೆರೆಯನ್ನು ಅವನ ತಲೆ ಒಂದು ಬೆರಳಷ್ಟು ದಾಟಿತ್ತು. ಸರದಿಯ ಮುಂದೆ ಬಂದಾಗ ಯಾರೂ ಕರೆಯುವ ಮೊದಲೇ ಅವನು ಅಳತೆಗೋಲಿನ ಬಳಿ ಹೋಗಿ ನಿಂತ. ಎರಡೂ ಹಿಮ್ಮಡಿಗಳನ್ನು ನೆಲಕ್ಕೆ ಒತ್ತಿ, ನನ್ನ ಕಡೆ ಒಮ್ಮೆ ನೋಡಿದ.

ಆಟ ಮುಗಿಸಿ ಇಳಿದವನ ಮುಖ ಬಿಳುಪೇರಿತ್ತು. ‘ಒಂದು ಸಲ ಸಾಕು, ಅಪ್ಪ’ ಎಂದ. ಒಂದೂವರೆ ಗಂಟೆಗೆ ನಾವೆಲ್ಲ ಮರದಡಿಯ ಮೇಜಿನ ಸುತ್ತ ಊಟಕ್ಕೆ ಸೇರಿದೆವು. ಪ್ರತಿಯೊಬ್ಬರ ಬಳಿಯೂ ಹೇಳಲು ಬೇರೆ ಬೇರೆ ಸುದ್ದಿಯಿತ್ತು. ಊರಿನ ಮನೆಯ ಪಂಕ್ತಿಯಲ್ಲಿ ಇರುತ್ತಿದ್ದಂತೆ.